ವೇಲ್ಸ್‌ನ ಬಂಗಲೆಯಲ್ಲಿ ಶ್ರೀರಂಗಪಟ್ಟಣದ ಹುಲಿ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ನಿಮ್ಮನ್ನ ವೇಲ್ಸ್‌ಗೆ ಕರ್ಕೊಂಡು ಹೋಗ್ತೀನಿ. ವೆಲ್ಷ್‌ಪೂಲ್ ಅನ್ನೋ ಪುಟ್ಟ ಊರಲ್ಲಿ ರೈಲು ಇಳಿದು ಸ್ವಲ್ಪ ದೂರ ನಡೆದರೆ, ಗುಡ್ಡದ ಮೇಲೆ ಕೆಂಪು ಕಲ್ಲಿನ ಪೋವಿಸ್ ಕ್ಯಾಸಲ್. ಮೊದಲು ಕೋಟೆ, ಆಮೇಲೆ ಶ್ರೀಮಂತರ ಮನೆ. ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತೆ; ಟಿಕೆಟ್ ತಗೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು.

ನಾನು ಹೋಗಿದ್ದು ಅಲ್ಲಿನ ಕ್ಲೈವ್ ಮ್ಯೂಸಿಯಂ ನೋಡೋಕೆ. ಅಲ್ಲೊಂದು ಚಿನ್ನದ ಹುಲಿತಲೆ ಇದೆ. ಮೈತುಂಬ ಮಾಣಿಕ್ಯ, ವಜ್ರ, ಪಚ್ಚೆ; ಆದರೆ ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡದು. ಟಿಪ್ಪು ಸುಲ್ತಾನನ ಸಿಂಹಾಸನದ ಸುತ್ತ ಇದ್ದ ಎಂಟು ಹುಲಿತಲೆಗಳಲ್ಲಿ ಇದೂ ಒಂದು.

ಕ್ಲೈವ್ ಅಂದ ತಕ್ಷಣ ನನಗೆ ನೆನಪಾಗಿದ್ದು 1757ರ ಪ್ಲಾಸಿ ಕದನ. ಆದರೆ ಆ ರಾಬರ್ಟ್ ಕ್ಲೈವ್ 1774ರಲ್ಲೇ ಸತ್ತಿದ್ದ. ಶ್ರೀರಂಗಪಟ್ಟಣ ಬಿದ್ದಿದ್ದು 1799ರ ಮೇ 4ರಂದು. ಆಗ ಮದರಾಸಿನ ಗವರ್ನರ್ ಆಗಿದ್ದವನು ಅವನ ಮಗ ಎಡ್ವರ್ಡ್. ಎಡ್ವರ್ಡ್‌ನ ಹೆಂಡತಿ ಹೆನ್ರಿಯೆಟ್ಟಾ ಇದೇ ಪೋವಿಸ್ ಮನೆತನದ ಮಗಳು.

ಲೂಟಿಗೂ ಆಗ ಒಂದು ವ್ಯವಸ್ಥೆ ಇತ್ತು. ಗೆದ್ದ ಊರಿನ ಸಂಪತ್ತನ್ನು ಪ್ರೈಜ್ ಏಜೆಂಟ್ ಅನ್ನೋ ಅಧಿಕಾರಿಗಳು ಒಟ್ಟುಹಾಕಿ, ಬೆಲೆ ಕಟ್ಟಿ, ಸೈನ್ಯದವರಿಗೆ ಹುದ್ದೆಯ ಪ್ರಕಾರ ಪಾಲು ಹಂಚುತ್ತಿದ್ದರು. ಸಿಂಹಾಸನವನ್ನ ಹಂಚೋದು ಹೇಗೆ? ಒಡೆದುಬಿಟ್ಟರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದನ್ನ ಇಡಿಯಾಗಿ ತಮ್ಮ ರಾಜನಿಗೆ ಕಳಿಸೋ ಆಸೆ ಇತ್ತು, ಅಷ್ಟರಲ್ಲಿ ಕೆಲಸ ಮುಗಿದಿತ್ತು. ದೊಡ್ಡ ಹುಲಿತಲೆ ವಿಂಡ್ಸರ್ ಸೇರಿತು. ಈ ಚಿಕ್ಕದನ್ನ ವೆಲ್ಲೆಸ್ಲಿ ಹೆನ್ರಿಯೆಟ್ಟಾಗೆ ಕೊಟ್ಟ. ಹಾಗಾಗಿ ಈ ಮನೆಯ ಲೆಕ್ಕದಲ್ಲಿ ಇದು ಉಡುಗೊರೆ. ಸುಳ್ಳೇನಲ್ಲ. ಕೊಟ್ಟವನ ಕೈಗೆ ಅದು ಹೇಗೆ ಬಂತು ಅಂತ ಕೇಳಿದಾಗಲೇ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳೋದು.

ನನ್ನನ್ನ ನಿಜವಾಗಿ ಕಾಡಿದ್ದು ಚಿನ್ನ ಅಲ್ಲ, ಬಟ್ಟೆ. ಟಿಪ್ಪುವಿನ ಡೇರೆಯೂ ಇದೇ ಮನೆಗೆ ಬಂದಿದೆ. ಹತ್ತಿ ಬಟ್ಟೆಯ ಮೇಲೆ ಸಾಲುಸಾಲು ಹೂದಾನಿಗಳ ಚಿತ್ತಾರ. ದಂಡಿನ ಜತೆ ಊರೂರು ಸುತ್ತಿದ ರಾಜನ ಡೇರೆಯನ್ನ ಇಲ್ಲಿನವರು ತೋಟದ ಪಾರ್ಟಿಗಳಿಗೆ ಶಾಮಿಯಾನ ಮಾಡ್ಕೊಂಡಿದ್ರಂತೆ!

ವಾಪಸ್ ಕೇಳಬೇಕಾ? ಟಿಪ್ಪು ಹೆಸರೆತ್ತಿದರೆ ನಮ್ಮೂರಲ್ಲೇ ಜಗಳ ಶುರುವಾಗುತ್ತೆ, ಗೊತ್ತು. ಆದರೆ ಆ ಚಿನ್ನ ಬಡಿದವರು, ಆ ಬಟ್ಟೆಗೆ ಬಣ್ಣ ಹಾಕಿದವರು ಯಾವ ಜಗಳದಲ್ಲೂ ಇಲ್ಲ. ನನ್ನ ಕೇಳಿದ್ರೆ, ಕೇಳಬೇಕು.

ಇನ್ನೊಂದು ವಿಷಯ. 2021ರಲ್ಲಿ ಇದೇ ಸಿಂಹಾಸನದ ಮತ್ತೊಂದು ಹುಲಿತಲೆ ದೇಶದಿಂದಾಚೆ ಹೋಗದಂತೆ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಅದರ ಬೆಲೆ 15 ಲಕ್ಷ ಪೌಂಡ್. ಕಾರಣ? ಅದು ಬ್ರಿಟನ್‌ನ ಚರಿತ್ರೆಗೆ ಮುಖ್ಯವಂತೆ.