ಒಣಗಿಸಬ್ಯಾಡ, ಆರಸು

ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕೈದು ದಿನವಿತ್ತು. ಧಾರವಾಡದ ನಮ್ಮ ಹಿತ್ತಲಲ್ಲಿ ಬೆಳ್ಳುಳ್ಳಿ ಮಡಿಯ ಅಂಚಿಗೆ ಕೂತಿದ್ದ ಅತ್ತೆ ಒಂದು ಗಿಡ ಕಿತ್ತು, ಗಡ್ಡೆಯಿಂದ ಎರಡು ಬೆರಳು ಮೇಲಕ್ಕೆ ಅದರ ಕುತ್ತಿಗೆಯನ್ನು ಚಾಕುವಿನಿಂದ ಅಡ್ಡ ಕೊಯ್ದರು. ಕೊಯ್ದ ಜಾಗವನ್ನು ನನ್ನ ಕಣ್ಣಿನ ಹತ್ತಿರ ಹಿಡಿದು, "ಎಣಸು" ಅಂದರು. ಒಂದರೊಳಗೊಂದು ಉಂಗುರಗಳಿದ್ದವು. ಹೊರಗಿನ ಮೂರು ಒಣಗಿ ಕಾಗದದಂತಾಗಿದ್ದವು, ಒಳಗಿನ ಐದು ಹಸಿಯಾಗಿದ್ದವು.

"ಒಂದೊಂದ ಎಲಿ ಒಂದೊಂದ ಅಂಗಿ ನೋಡವಾ. ಮ್ಯಾಲ ಎಷ್ಟ ಎಲಿ ಹಸರ ಅದಾವೋ, ಗಡ್ಡಿ ಮ್ಯಾಲ ಅಷ್ಟ ಛಲೋ ಅಂಗಿ ಅದಾವು. ಎಲ್ಲಾ ಎಲಿ ಒಣಗೂತನಕಾ ಕುಂತಿ ಅಂದ್ರ ಬತ್ತಲಿ ಗಡ್ಡಿ ಬರತೈತಿ."

ಗದಗಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬಳ್ಳೊಳ್ಳಿ ಹೊಲದಲ್ಲೇ ಬೆಳೆದ ಅತ್ತೆ ಯಾವ ಪುಸ್ತಕವನ್ನೂ ಓದಿ ಈ ಮಾತು ಹೇಳಿದವರಲ್ಲ. ಆದರೆ ಸಸ್ಯಶಾಸ್ತ್ರವೂ ಹೇಳುವುದು ಇದನ್ನೇ. ಬೆಳ್ಳುಳ್ಳಿಯ ಪ್ರತಿ ಎಲೆಯ ಬುಡವೂ ಗಡ್ಡೆಯನ್ನು ಸುತ್ತಿಕೊಂಡೇ ಮೇಲೇಳುತ್ತದೆ. ನಾವು ಅಡುಗೆಮನೆಯಲ್ಲಿ ಸುಲಿದು ಬಿಸಾಡುವ ಹೊರಗಿನ ತೆಳು ಸಿಪ್ಪೆಗಳೆಲ್ಲ ಒಂದು ಕಾಲದ ಎಲೆಗಳ ಬುಡ. ಎಲೆ ಒಣಗಿದಾಗ ನೆಲದೊಳಗಿನ ಅದರ ಸುತ್ತೂ ಸಾಯುತ್ತದೆ, ಹಸಿ ಮಣ್ಣಿನಲ್ಲಿ ಕೊಳೆತು ಹೋಗುತ್ತದೆ. ಆದ್ದರಿಂದ ಬೆಳ್ಳುಳ್ಳಿ ಕೀಳುವವರು ಮೊದಲು ನೋಡಬೇಕಾದದ್ದು ಎಲೆಯನ್ನು. ಕೆಳಗಿನ ಮೂರು ನಾಲ್ಕು ಎಲೆ ಪೂರ್ತಿ ಒಣಗಿರಬೇಕು, ಮೇಲಿನ ನಾಲ್ಕೈದರಲ್ಲಿ ಹಸಿರು ಉಳಿದಿರಬೇಕು, ತುದಿ ಹಳದಿಗೆ ತಿರುಗಿ ಗಿಡ ಬಾಗಲು ಶುರುವಾಗಿರಬೇಕು.

ನಮ್ಮ ಕಡೆ ದೀಪಾವಳಿಯ ಆಸುಪಾಸು ಊರಿದ ಬೆಳ್ಳುಳ್ಳಿ ಈ ಹದಕ್ಕೆ ಬರಲು 120ರಿಂದ 135 ದಿನ ಬೇಕು. ಡಿಸೆಂಬರ್, ಜನವರಿಯ ಚಳಿ ತಾಗಿದರೇ ಅದರ ಹೊಟ್ಟೆಯಲ್ಲಿ ಎಸಳು ಒಡೆಯುವುದು. ಆಮೇಲೆ ಹಗಲು ಉದ್ದವಾಗುತ್ತ ಬಂದಂತೆ ಗಡ್ಡೆ ತುಂಬಿಕೊಳ್ಳುತ್ತದೆ. ದಿನ ಲೆಕ್ಕ ಹಾಕುವುದು ಒಳ್ಳೆಯದೇ. ಆದರೆ ನಾನು ಕ್ಯಾಲೆಂಡರ್ ನಂಬುವುದಕ್ಕಿಂತ ಒಂದೆರಡು ಗಿಡ ಬಲಿ ಕೊಟ್ಟು ನೋಡುವುದನ್ನು ನಂಬುತ್ತೇನೆ. ಒಂದು ಗಡ್ಡೆಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಎಸಳುಗಳು ಬೇರೆ ಬೇರೆಯಾಗದೆ ಈರುಳ್ಳಿಯ ಹಾಗೆ ಒಂದೇ ಮುದ್ದೆಯಾಗಿದ್ದರೆ ಇನ್ನೂ ಕಾಲವಿದೆ. ಎಸಳು ತುಂಬಿ, ಪ್ರತಿಯೊಂದರ ಮೇಲೂ ತನ್ನದೇ ತೊಗಟೆ ಬಿಗಿದುಕೊಂಡಿದ್ದರೆ ಮಡಿಗೆ ಕೈ ಹಾಕಬಹುದು. ಇದಾದ ಮೇಲೂ ಬಿಟ್ಟರೆ ಹೊರಗಿನ ಅಂಗಿಗಳು ಹರಿದು, ಎಸಳುಗಳು ಅರಳಿದ ಹೂವಿನಂತೆ ಬಿಚ್ಚಿಕೊಳ್ಳುತ್ತವೆ. ನೋಡಲು ಚೆಂದ. ಆದರೆ ಅಂಥ ಗಡ್ಡೆ ಯುಗಾದಿ ದಾಟಿ ಬಹಳ ದಿನ ಉಳಿಯುವುದಿಲ್ಲ.

ಕೀಳುವ ಎರಡು ವಾರ ಮೊದಲೇ ನೀರು ನಿಲ್ಲಿಸಬೇಕು. ಮಸಾರಿ ನೆಲದವರಿಗೆ ಇದು ಸಲೀಸು. ಎರೆಮಣ್ಣಿನವರು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು: ಎರೆ ಪೂರ್ತಿ ಒಣಗಿದರೆ ಬಿರುಕು ಬಿಟ್ಟು ಕಲ್ಲಾಗುತ್ತದೆ, ಗಿಡ ಜಗ್ಗಿದರೆ ಎಲೆ ಕೈಗೆ ಬಂದು ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಎಲೆ ಹಿಡಿದು ಜಗ್ಗುವುದೇ ತಪ್ಪು. ಪಕ್ಕದಲ್ಲಿ ಕುರ್ಪಿಯನ್ನು ಆಳಕ್ಕೆ ಊರಿ, ಮಣ್ಣನ್ನು ಕೆಳಗಿನಿಂದ ಮೀಟಿ, ಗಡ್ಡೆಯನ್ನು ಅಂಗೈಯಲ್ಲಿ ಎತ್ತಿಕೊಳ್ಳಬೇಕು. ಮಣ್ಣು ಉದುರಿಸಲೆಂದು ಒಂದಕ್ಕೊಂದು ಬಡಿಯಬಾರದು. ಮೊಟ್ಟೆ ಹಿಡಿದಂತೆ ಹಿಡಿಯಿರಿ ಎಂದರೆ ಅತಿಯಾಯಿತು ಎನ್ನಿಸಬಹುದು. ಅದಕ್ಕೆ ಕಾರಣವಿದೆ. ಇಡಿಯಾಗಿರುವ ಎಸಳಿಗೆ ಆ ಘಾಟು ಇರುವುದೇ ಇಲ್ಲ. ಎಸಳಿನ ಜೀವಕೋಶ ಒಡೆದಾಗ, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಆಲಿನ್ ಎಂಬ ವಸ್ತು ಮತ್ತು ಆಲಿನೇಸ್ ಎಂಬ ಕಿಣ್ವ ಕೂಡಿ ಆಲಿಸಿನ್ ಹುಟ್ಟುತ್ತದೆ. 1944ರಲ್ಲಿ ಚೆಸ್ಟರ್ ಕ್ಯಾವಲ್ಲಿಟೊ ಮತ್ತು ಜಾನ್ ಬೇಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಒಳ್ಳಿನಲ್ಲಿ ಚಟ್ನಿ ಕುಟ್ಟುವಾಗ ಬೇಕಾದ ಈ ಕೆಲಸ ಹಿತ್ತಲಲ್ಲೇ ಆಗಿಬಿಟ್ಟರೆ, ಪೆಟ್ಟು ತಿಂದ ಎಸಳು ಒಳಗಿಂದ ಕಂದಿ, ಪಕ್ಕದ ಎಸಳಿಗೂ ಕೊಳೆ ಹಚ್ಚುತ್ತದೆ.

ನಾನು ಮೊದಲ ಸಲ ಬೆಳೆದ ವರ್ಷ ಇದ್ಯಾವುದೂ ಗೊತ್ತಿರಲಿಲ್ಲ. ಅತ್ತೆ ಆಗ ಊರಲ್ಲಿದ್ದರು. ಅರವತ್ತು ಗಡ್ಡೆ ಬಂದಿದ್ದವು. ಕಿತ್ತ ಖುಷಿಗೆ ನಲ್ಲಿಯ ಕೆಳಗೆ ಒಂದೊಂದನ್ನೂ ಉಜ್ಜಿ ತೊಳೆದು ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ ಮಾಡಿದೆ. ಬೇಗ ಒಣಗಲಿ ಎಂದು ಎಲೆಯನ್ನೂ ಕತ್ತರಿಸಿ, ಮಾರ್ಚ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿದೆ. ಮೂರನೆಯ ದಿನ ಬಿಡಿಸಿ ನೋಡಿದರೆ ಎಸಳುಗಳು ಬೇಯಿಸಿದಂತೆ ಮೆತ್ತಗಾಗಿ, ಗಾಜಿನಂತೆ ಪಾರದರ್ಶಕವಾಗಿದ್ದವು. ಉಳಿದವುಗಳ ತೊಗಟೆಯ ಕೆಳಗೆ ತಿಂಗಳೊಳಗೆ ಕಾಡಿಗೆ ಬಳಿದಂತೆ ಕಪ್ಪು ಬೂಷ್ಟು. ನಾಲ್ಕು ತಿಂಗಳು ನೀರು ಹಾಕಿ, ಕಳೆ ತೆಗೆದು, ನುಸಿ ನೋಡಿ ಬೆಳೆಸಿದ್ದನ್ನು ಬುಟ್ಟಿಗಟ್ಟಲೆ ಗೊಬ್ಬರದ ಗುಂಡಿಗೆ ಸುರಿದೆ. ಆ ಸಂಕಟ ಇವತ್ತಿಗೂ ಮರೆತಿಲ್ಲ.

ಊರಿಂದ ಬಂದ ಅತ್ತೆ ಬೈಯಲಿಲ್ಲ. "ಶೇಂಗಾ, ಮೆಣಸಿನಕಾಯಿ ಒಣಗಸತಾರವಾ. ಬಳ್ಳೊಳ್ಳಿ ಒಣಗಸಬ್ಯಾಡ, ಆರಸು" ಅಂದರು.

ಆ ಒಂದು ಮಾತಿನಲ್ಲಿ ಇಡೀ ವಿದ್ಯೆಯಿದೆ ಎಂದು ನನಗೆ ಆಮೇಲೆ ಹೊಳೆಯಿತು. ಒಣಮೆಣಸಿನಕಾಯಿಯಲ್ಲಿ ಒಳಗಿನ ತೇವವೆಲ್ಲ ಹೋಗಬೇಕು. ಬೆಳ್ಳುಳ್ಳಿಯ ಎಸಳು ಒಣಗಬಾರದು, ಅದು ಕೊನೆಯವರೆಗೂ ರಸ ತುಂಬಿಕೊಂಡೇ ಇರಬೇಕು. ಒಣಗಬೇಕಾದದ್ದು ಅದರ ಸುತ್ತಲಿನದು: ಎಲೆ, ಬೇರು, ಹೊರಗಿನ ಸಿಪ್ಪೆಗಳು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕುತ್ತಿಗೆ. ಎಲೆಯ ತೇವ ಮೆಲ್ಲಗೆ ಹೊರಟುಹೋಗಿ ಕುತ್ತಿಗೆ ಬಿಗಿದುಕೊಂಡರೆ ಬೂಷ್ಟಿಗೆ ಒಳಗೆ ನುಗ್ಗುವ ದಾರಿ ಮುಚ್ಚಿತು. ಕನ್ನಡದಲ್ಲಿ ಗಾಯವೂ ಆರುತ್ತದೆ, ಹಾಲೂ ಆರುತ್ತದೆ. ಬಿಸಿಲಿಲ್ಲದೆ, ಅವಸರವಿಲ್ಲದೆ, ಗಾಳಿಗೆ ಬಿಟ್ಟು ತಣ್ಣಗೆ ಆಗುವ ಕೆಲಸ ಅದು. ಹಸಿ ಕುತ್ತಿಗೆಯನ್ನು ನಾನು ಕತ್ತರಿಸಿದ್ದು ತೆರೆದ ಗಾಯವನ್ನು ಮಾಡಿಟ್ಟಂತಾಗಿತ್ತು.

ಈಗ ನಾವು ಮಾಡುವುದು ಹೀಗೆ. ಕಿತ್ತ ಗಿಡವನ್ನು ಎಲೆ, ಬೇರು, ಅಂಟಿದ ಮಣ್ಣು ಸಮೇತ ಒಂದೆರಡು ಗಂಟೆಯೊಳಗೆ ನೆರಳಿಗೆ ಒಯ್ಯುತ್ತೇವೆ. ಎಕರೆಗಟ್ಟಲೆ ಬೆಳೆಯುವ ರೈತರಿಗೆ ಇದು ಆಗುವ ಮಾತಲ್ಲ. ಅವರು ಕಿತ್ತದ್ದನ್ನು ಹೊಲದಲ್ಲೇ ಸಾಲಾಗಿ ಮಲಗಿಸಿ, ಒಂದು ಸಾಲಿನ ಗಡ್ಡೆಯ ಮೇಲೆ ಇನ್ನೊಂದು ಸಾಲಿನ ಎಲೆ ಬರುವಂತೆ ಹೊದಿಸಿ, ಮೂರು ನಾಲ್ಕು ದಿನದ ಮೇಲೆ ನೆರಳಿಗೆ ಸಾಗಿಸುತ್ತಾರೆ. ಗಿಡದ ಎಲೆಯೇ ಗಡ್ಡೆಗೆ ಕೊಡೆ. ಮನೆಯಲ್ಲಾದರೆ ಹತ್ತು ಹನ್ನೆರಡು ಗಿಡದ ಒಂದೊಂದು ಸಿವುಡು ಕಟ್ಟಿ, ಪಡಸಾಲೆಯ ಜಂತಿಗೆ ಗಡ್ಡೆ ಕೆಳಗಾಗಿ ತೂಗುಹಾಕಬಹುದು. ನಮ್ಮ ಬೆಳ್ಳುಳ್ಳಿಯ ಕುತ್ತಿಗೆ ಮೆತ್ತಗಿರುವುದರಿಂದ ಜಡೆಯಂತೆ ಹೆಣೆಯಲೂ ಬರುತ್ತದೆ. ತೀರ ಚಳಿಯ ದೇಶಗಳ ಕೆಲವು ತಳಿಗಳಲ್ಲಿ ನಡುವೆ ಗಟ್ಟಿ ದಂಟು ಏಳುತ್ತದೆ, ಅವು ಹೆಣಿಗೆಗೆ ಬಗ್ಗುವುದಿಲ್ಲ. ಫ್ಲ್ಯಾಟಿನಲ್ಲಿರುವವರಿಗೆ ಜಂತಿ ಎಲ್ಲಿಂದ ಬರಬೇಕು? ಬಾಲ್ಕನಿಯ ನೆರಳಲ್ಲಿ ಹಳೆಯ ಮಂಚದ ನವಾರಿನ ಮೇಲೋ ಜಾಳಿಗೆಯ ಮೇಲೋ ಒಂದೇ ಪದರವಾಗಿ ಹರವಿದರೂ ಸಾಕು. ಕೆಳಗಿನಿಂದ ಗಾಳಿ ಆಡಬೇಕು, ಅಷ್ಟೇ. ಗೋಣಿಚೀಲದಲ್ಲಿ ಒಟ್ಟಬಾರದು, ಪ್ಲಾಸ್ಟಿಕ್ಕಿನ ಹತ್ತಿರವಂತೂ ಸುಳಿಯಬಾರದು. ಏಪ್ರಿಲ್ ಹತ್ತಿರ ಬಂದಂತೆ ಸಂಜೆ ಹೊತ್ತು ಗುಡುಗುವ ಅಡ್ಡಮಳೆಯ ಭಯ ಬೇರೆ ಇರುತ್ತದೆ. ಎರಚಲು ತಾಗದ ಕಡೆ ಹುಡುಕಿಕೊಳ್ಳಿ.

ಮೊದಲ ವಾರ ಮನೆಯೆಲ್ಲ ವಾಸನೆ. ಬಂದವರು ಮೂಗು ಹಿಡಿದುಕೊಂಡೇ ಮಾತಾಡುತ್ತಾರೆ. ಎರಡನೆಯ ವಾರಕ್ಕೆ ಅದು ಇಳಿಯುತ್ತದೆ. ಎಲೆ ಮುಟ್ಟಿದರೆ ಜೋಳದ ರವದಿಯಂತೆ ಸಪ್ಪಳ ಮಾಡುತ್ತದೆ. ಮೂರನೆಯ ವಾರದಲ್ಲಿ ಒಂದು ಗಡ್ಡೆಯ ಕುತ್ತಿಗೆಯನ್ನು ಕತ್ತರಿಸಿ ನೋಡಬೇಕು. ಒಳಗೆ ಹಸಿರಾಗಲಿ ತೇವವಾಗಲಿ ಕಂಡರೆ ಇನ್ನೂ ನಾಲ್ಕು ದಿನ.

ಬೆಳ್ಳುಳ್ಳಿಯನ್ನು ಮನೆಗೆ ತೂಗುಹಾಕುವುದು ನಮ್ಮ ಅಜ್ಜಿಯಂದಿರ ಕಾಲಕ್ಕೆ ಶುರುವಾದದ್ದಲ್ಲ. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಎಂಬಲ್ಲಿ ಹ್ಯಾಮಿಲ್ಟನ್ ಬೋವರ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಯ ಕೈಗೆ ಭೂರ್ಜಪತ್ರದ ಒಂದು ಹಳೆಯ ಸಂಸ್ಕೃತ ಹಸ್ತಪ್ರತಿ ಸಿಕ್ಕಿತು. ಬೋವರ್ ಹಸ್ತಪ್ರತಿ ಎಂದೇ ಹೆಸರಾದ ಅದು ಈಗ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಮೊದಲ ಭಾಗದ ಶುರುವಿನಲ್ಲೇ ಬೆಳ್ಳುಳ್ಳಿಯ ಹುಟ್ಟು ಮತ್ತು ಗುಣಗಳ ವರ್ಣನೆ ಬರುತ್ತದೆ. ಬೆಳ್ಳುಳ್ಳಿಗೆಂದೇ ಒಂದು ಹಬ್ಬವನ್ನೂ ಅದು ಹೇಳುತ್ತದೆ. ಆಗ ಮನೆಯ ಮಾಳಿಗೆಯ ಮೇಲೆ, ಬಾಗಿಲಿಗೆ ಬೆಳ್ಳುಳ್ಳಿಯ ಮಾಲೆಗಳನ್ನು ಕಟ್ಟಬೇಕಂತೆ. ಓದಿದಾಗ ನನಗೆ ನಮ್ಮ ಪಡಸಾಲೆಯೇ ಕಣ್ಣಿಗೆ ಬಂತು. ಹಬ್ಬದ ಸಿಂಗಾರವೆಂದು ಬರೆದದ್ದರ ಹಿಂದೆ ಆರಲು ಹಾಕುವ ಯಾವುದೋ ಮನೆಯೊಡತಿಯ ಜಾಣತನವೂ ಇದ್ದಿರಬಹುದು ಎಂದುಕೊಳ್ಳುವುದು ನನಗೆ ಇಷ್ಟ.

ಆರಿದ ಮೇಲೆ ಬೇರನ್ನು ಬುಡಕ್ಕೆ ಕತ್ತರಿಸಿ, ಕುತ್ತಿಗೆಯನ್ನು ಒಂದಿಂಚು ಉಳಿಸಿ, ಮಣ್ಣು ಮೆತ್ತಿದ ಹೊರಗಿನ ಒಂದು ಅಂಗಿಯನ್ನಷ್ಟೇ ಬೆರಳಿನಿಂದ ಒರೆಸಿ ತೆಗೆಯುತ್ತೇವೆ. ನಾನು ನೀರಲ್ಲಿ ಉಜ್ಜಿ ತಂದಿದ್ದ ಬಿಳುಪು ಆಗ ತಾನಾಗಿ ಒಳಗಿನಿಂದ ಹೊರಬರುತ್ತದೆ. ಬೆಳ್ ಎಂದರೆ ಬಿಳಿ, ಬೆಳ್ಳುಳ್ಳಿ ಎಂದರೆ ಬಿಳಿಯ ಉಳ್ಳಿ. ಹೆಸರಿಗೆ ತಕ್ಕ ಬಣ್ಣ ಬರುವುದು ಈ ದಿನವೇ. ತೂಕದಲ್ಲಿ ಮಾತ್ರ ನಿರಾಸೆಗೆ ಸಿದ್ಧವಾಗಿರಿ. ಹೋದ ಸಲ ಕಿತ್ತ ದಿನ ಎಲೆ ಮಣ್ಣು ಸೇರಿ 6 ಕಿಲೋ ತೂಗಿದ್ದು, ಬುಟ್ಟಿಗೆ ಬಂದಾಗ 3 ಕಿಲೋಗೆ ತುಸು ಮೇಲಿತ್ತು.

ಇಡುವ ಜಾಗ ಬೆಚ್ಚಗಿದ್ದರೂ ಅಡ್ಡಿಯಿಲ್ಲ, ತೇವ ಇರಬಾರದು. ಗಾಳಿಯಾಡುವ ಬುಟ್ಟಿಯೇ ಉತ್ತಮ. ಫ್ರಿಜ್ಜಿನಲ್ಲಿಟ್ಟರೆ ಬಾಳುತ್ತದೆ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಆ ತಂಪು ಗಡ್ಡೆಗೆ ಚಳಿಗಾಲ ಬಂತೆಂಬ ಸುಳಿವು ಕೊಟ್ಟು ಮೊಳಕೆಯನ್ನು ಎಬ್ಬಿಸುತ್ತದೆ. ಶೀತಲಗೃಹಗಳವರು ಸೊನ್ನೆ ಡಿಗ್ರಿಯ ಹತ್ತಿರ ಇಟ್ಟು ಅದನ್ನು ತಡೆಯುತ್ತಾರೆ, ಮನೆಯ ಫ್ರಿಜ್ ಅಷ್ಟು ತಣ್ಣಗಿರುವುದಿಲ್ಲ. ಸುಲಿದ ಎಸಳನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಬಾಟ್ಯುಲಿಸಂ ರೋಗಾಣುವಿಗೆ ಅದು ಹೇಳಿ ಮಾಡಿಸಿದ ಜಾಗ; 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದು ಹಲವರು ಆಸ್ಪತ್ರೆ ಸೇರಿದ್ದರು. ಹುಳಿ, ಉಪ್ಪು ಸರಿಯಾಗಿ ಬಿದ್ದ ಉಪ್ಪಿನಕಾಯಿಯ ಮಾತು ಬೇರೆ. ನಿಂಬೆರಸದಲ್ಲಿ ಎಸಳು ಕೆಲವೊಮ್ಮೆ ನೀಲಿ ಹಸಿರಾದರೆ ಗಾಬರಿಯಾಗಬೇಡಿ, ಅದು ಅದರ ಗಂಧಕದ ಗುಣ. ತಿನ್ನಬಹುದು.

2024ರ ಆರಂಭದಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿದಾಗ ನಮ್ಮ ಓಣಿಯಲ್ಲಿ ಎಷ್ಟೋ ಜನ ಕುಂಡಗಳಲ್ಲಿ ಎಸಳು ಊರಿದರು. ಊರುವುದು ಹೇಗೆಂದು ಎಲ್ಲರೂ ಕೇಳಿದರು, ಕಿತ್ತ ಮೇಲೆ ಏನೆಂದು ಒಬ್ಬರೂ ಕೇಳಲಿಲ್ಲ. ಬೆಳೆಯದವರಿಗೂ ಇದು ಬೇಕಾದ ವಿಷಯ. ಫೆಬ್ರವರಿ, ಮಾರ್ಚಿನಲ್ಲಿ ಸಂತೆಗೆ ಬರುವ ಹೊಸ ಬೆಳ್ಳುಳ್ಳಿ ಅಗ್ಗವಾಗಿರುತ್ತದೆ, ಕುತ್ತಿಗೆ ಹಿಚುಕಿದರೆ ಹಸಿಯಾಗಿಯೂ ಇರುತ್ತದೆ. ವರ್ಷಕ್ಕಾಗುವಷ್ಟು ಕೊಂಡು ಹಾಗೇ ಡಬ್ಬಿಗೆ ತುಂಬಬೇಡಿ. ಮನೆಯಲ್ಲೇ ಇನ್ನೆರಡು ವಾರ ನೆರಳಲ್ಲಿ ಆರಲು ಬಿಡಿ.

ಬುಟ್ಟಿ ತುಂಬಿದ ದಿನ ಅತ್ತೆ ಮತ್ತೊಂದು ಆರಿಸುವ ಕೆಲಸಕ್ಕೆ ಕೂರುತ್ತಾರೆ. ದಪ್ಪ ಎಸಳಿನ, ಬಿಗಿ ಅಂಗಿಯ ಹದಿನೈದು ಗಡ್ಡೆ ಹುಡುಕಿ, ಕೆಂಪು ದಾರ ಕಟ್ಟಿ ಬೇರೆ ತೂಗುಹಾಕುತ್ತಾರೆ. ಬೆಳ್ಳುಳ್ಳಿ ನಮ್ಮಲ್ಲಿ ಬೀಜ ಕಟ್ಟುವುದಿಲ್ಲ, ಎಸಳೇ ಅದರ ಬೀಜ. ನಮ್ಮ ಹಿತ್ತಲ ಈ ಸಣ್ಣೆಸಳಿನ ಜವಾರಿ ಬಳ್ಳೊಳ್ಳಿ ಅವರ ತವರಿನದು, ಅವರ ಅವ್ವ ಮಡಿಲಿಗೆ ಕಟ್ಟಿ ಕಳಿಸಿದ್ದು. ಎಸಳಿನಿಂದ ಎಸಳಿಗೆ ಅದೇ ಒಂದು ಗಿಡ ಇಲ್ಲಿಯವರೆಗೆ ಬಂದಿದೆ. ಶ್ರಾವಣದಲ್ಲಿ ಅಡುಗೆಯ ಬುಟ್ಟಿ ಖಾಲಿಯಾಗಿ, ಶೇಂಗಾ ಚಟ್ನಿ ಕುಟ್ಟುವಾಗ ನನ್ನ ಕಣ್ಣು ಕೆಂಪು ದಾರದ ಕಡೆ ಹೋಗುತ್ತದೆ.

"ಅದನ್ನ ಮುಟ್ಟಬ್ಯಾಡ. ಇವತ್ತ ಸಂತಿಂದ ತರಸು" ಎನ್ನುತ್ತಾರೆ ಅತ್ತೆ.