ಗ್ರಂಥದಿಂದ ಹುಟ್ಟಿದ ಸಭೆ: ಕೊರಿಯಾದ ಕಥೋಲಿಕರು

ಹೊಸ ನಾಡಿಗೆ ಧರ್ಮವೊಂದು ಹೋಗುವಾಗ ಸಾಮಾನ್ಯವಾಗಿ ಪ್ರಚಾರಕ ಮುಂದೆ, ಗ್ರಂಥ ಹಿಂದೆ. ಕೊರಿಯಾದಲ್ಲಿ ಕಥೋಲಿಕ ಮತದ ಪ್ರವೇಶ ಈ ಕ್ರಮಕ್ಕೆ ವಿರುದ್ಧವಾದುದು. ಬೀಜಿಂಗಿಗೆ ಕಪ್ಪಕಾಣಿಕೆ ಒಯ್ಯುತ್ತಿದ್ದ ಕೊರಿಯಾದ ರಾಯಭಾರಿಗಳು ಮರಳುವಾಗ, ಅಲ್ಲಿನ ಜೆಸ್ವಿಟ್ ಪಾದ್ರಿಗಳು ಚೀನೀ ಭಾಷೆಯಲ್ಲಿ ರಚಿಸಿದ ಖಗೋಳ, ಗಣಿತ ಮತ್ತು ಧರ್ಮದ ಪುಸ್ತಕಗಳನ್ನು ತರುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕೆಲವು ಕನ್ಫ್ಯೂಷಿಯನ್ ವಿದ್ವಾಂಸರು ಇವುಗಳನ್ನು ಕೂಡಿ ಓದಿದರು. ಅವರಲ್ಲೊಬ್ಬನಾದ ಯಿ ಸುಂಗ್‌ಹುನ್ 1784ರಲ್ಲಿ ಬೀಜಿಂಗಿನಲ್ಲಿ ದೀಕ್ಷಾಸ್ನಾನ ಪಡೆದು, ಊರಿಗೆ ಬಂದು ಗೆಳೆಯರಿಗೆ ತಾನೇ ದೀಕ್ಷೆಯಿತ್ತನು. ಪಾದ್ರಿಗಳಿಲ್ಲದ ಆ ಗುಂಪು ತನ್ನವರನ್ನೇ ಪಾದ್ರಿಗಳನ್ನಾಗಿ ಆರಿಸಿ ಬಲಿಪೂಜೆಯನ್ನೂ ನಡೆಸಿತು. ಇದು ಸಲ್ಲುವುದೇ ಎಂಬ ಶಂಕೆ ಅವರಲ್ಲಿಯೇ ಮೂಡಿ ಬೀಜಿಂಗಿನ ಬಿಷಪ್ಪರನ್ನು ಕೇಳಿದಾಗ, ಸಲ್ಲದೆಂಬ ಉತ್ತರ ಬಂದಿತು, ನಿಲ್ಲಿಸಿದರು.

ಅಲ್ಲಿಂದ ಇನ್ನೊಂದು ಅಪ್ಪಣೆಯೂ ಬಂದಿತ್ತು: ಪಿತೃಪೂಜೆ ಕೂಡದು. ಪಿತೃಭಕ್ತಿಯೇ ರಾಜ್ಯಧರ್ಮವಾಗಿದ್ದ ನಾಡಿನಲ್ಲಿ ಇದರ ಪರಿಣಾಮ ಘೋರವಾಯಿತು. ಯುನ್ ಜಿಚುಂಗ್ ಎಂಬ ವಿದ್ವಾಂಸನು ಹಿರಿಯರ ಹೆಸರು ಬರೆದ ಹಲಗೆಗಳನ್ನು ಸುಟ್ಟು, ತಾಯಿಯ ಉತ್ತರಕ್ರಿಯೆಯನ್ನು ರೂಢಿಯಂತೆ ನಡೆಸದಿದ್ದುದಕ್ಕಾಗಿ 1791ರಲ್ಲಿ ಶಿರಚ್ಛೇದಕ್ಕೆ ಒಳಗಾದನು.

ಪಂಡಿತರು ಹಿಂಜರಿದಂತೆ ಮತವು ಕೆಳವರ್ಗಕ್ಕೂ ಸ್ತ್ರೀಯರಿಗೂ ಇಳಿಯಿತು. ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕಾದುದು ಇಲ್ಲಿದೆ. ರಾಜ ಸೆಜೊಂಗ್ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯನ್ನು ಪಂಡಿತವರ್ಗವು ಹೆಂಗಸರ ಬರಹವೆಂದು ಹಗುರವಾಗಿ ಕಾಣುತ್ತಿತ್ತು. ಗೌರವವೆಲ್ಲ ಚೀನೀ ಬರಹಕ್ಕೆ. ಚೊಂಗ್ ಯಾಕ್‌ಜೊಂಗ್ ಧರ್ಮತತ್ತ್ವಗಳನ್ನು ವಿವರಿಸುವ ‘ಜುಗ್ಯೊ ಯೊಜಿ’ಯನ್ನು ಈ ಹಂಗುಲ್‌ನಲ್ಲಿಯೇ ಬರೆದನು. ಸಂಸ್ಕೃತದೆದುರು ದೇಶಭಾಷೆಗಳು ತಲೆಯೆತ್ತಿದ ಬಗೆಯನ್ನು ಓದಿದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. 1794ರ ಕೊನೆಯಲ್ಲಿ ಚೀನಾದ ಪಾದ್ರಿ ಝೌ ವೆನ್‌ಮೊ ಗುಟ್ಟಾಗಿ ಗಡಿ ದಾಟಿ ಬಂದಾಗ, ಪಾದ್ರಿಯ ಮುಖವನ್ನೇ ಕಾಣದ ಸುಮಾರು 4 ಸಾವಿರ ವಿಶ್ವಾಸಿಗಳು ಅಲ್ಲಿದ್ದರು. ಅವನನ್ನು ವರ್ಷಗಟ್ಟಲೆ ಮನೆಯಲ್ಲಿ ಅಡಗಿಸಿಟ್ಟವಳು ಕಾಂಗ್ ವಾನ್ಸುಕ್ ಎಂಬ ಮಹಿಳೆ. 1801ರ ದಮನದಲ್ಲಿ ಪಾದ್ರಿ, ಆಶ್ರಯವಿತ್ತ ಈಕೆ, ಗ್ರಂಥಕರ್ತ ಚೊಂಗ್, ಮೂವರೂ ಕೊಲ್ಲಲ್ಪಟ್ಟರು.

ಅಳಿದುಳಿದವರು ಬೆಟ್ಟಗಳಿಗೆ ಓಡಿ ಮಡಕೆ ಮಾಡಿ ಬದುಕಿದರು. ಮಡಕೆ ಹೊತ್ತು ಊರೂರು ತಿರುಗುವವನನ್ನು ಯಾರೂ ಶಂಕಿಸುತ್ತಿರಲಿಲ್ಲ. ಅಡಗಿದ ಹಳ್ಳಿಗಳ ನಡುವಣ ಸುದ್ದಿಯೂ ಆ ಹೊರೆಯೊಡನೆಯೇ ಸಾಗಿತು. ಮೊದಲ ಕೊರಿಯನ್ ಪಾದ್ರಿ ಕಿಮ್ ತೆಗೊನ್ 1845ರಲ್ಲಿ ದೀಕ್ಷೆ ಪಡೆದು ಮರುವರ್ಷವೇ ಹತನಾದನು. 1866ರಲ್ಲಿ ಆರಂಭವಾದ ದಮನದಲ್ಲಿ ಸತ್ತವರು ಸುಮಾರು 8 ಸಾವಿರವೆಂದು ಅಂದಾಜು. 1886ರ ಫ್ರಾನ್ಸ್ ಒಪ್ಪಂದದ ನಂತರವೇ ಬಿಡುವು ದೊರೆತದ್ದು.

ಬೆಳವಣಿಗೆಯ ವೇಗ ಹೆಚ್ಚಿದುದು ಮಾತ್ರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸೈನಿಕ ಆಡಳಿತದ ಕಾಲದಲ್ಲಿ ಕಾರ್ಡಿನಲ್ ಕಿಮ್ ಸುಹ್ವಾನ್ ಪ್ರಜಾಪ್ರಭುತ್ವದ ಪರ ನಿಂತರು. 1987ರಲ್ಲಿ ಸಿಯೋಲಿನ ಮ್ಯೊಂಗ್‌ಡೊಂಗ್ ಪ್ರಧಾನಾಲಯವು ಚಳವಳಿಗಾರ ವಿದ್ಯಾರ್ಥಿಗಳಿಗೆ ಆಶ್ರಯವಾಯಿತು. ಹೀಗೆ ದೊರೆತ ಜನವಿಶ್ವಾಸವನ್ನು ಬಿಟ್ಟು ಈ ಹೆಚ್ಚಳವನ್ನು ವಿವರಿಸುವುದು ಕಷ್ಟ. ಇಂದು ದಕ್ಷಿಣ ಕೊರಿಯಾದಲ್ಲಿ ಸಭೆಯ ಲೆಕ್ಕದಂತೆ ಕಥೋಲಿಕರು 60 ಲಕ್ಷದ ಸಮೀಪ, ಜನಸಂಖ್ಯೆಯ ಶೇ. 11ರಷ್ಟು.

ಪಿತೃಪೂಜೆಯ ನಿಷೇಧವನ್ನು ರೋಮ್ 1939ರಲ್ಲಿ ಸಡಿಲಿಸಿತು. ಚುಸೊಕ್ ಹಬ್ಬದಂದು ಕಥೋಲಿಕ ಮನೆಗಳಲ್ಲಿ ಹಿರಿಯರಿಗೆ ಎಡೆಯಿಟ್ಟು ನಮಿಸಲು ಈಗ ಅಡ್ಡಿಯಿಲ್ಲ. 2014ರಲ್ಲಿ ಪೋಪ್ ಫ್ರಾನ್ಸಿಸ್ ಸಿಯೋಲಿಗೆ ಬಂದು 124 ರಕ್ತಸಾಕ್ಷಿಗಳನ್ನು ಧನ್ಯರೆಂದು ಸಾರಿದಾಗ, ಪಟ್ಟಿಯ ಮೊದಲ ಹೆಸರು ಯುನ್ ಜಿಚುಂಗ್‌ನದು.