ಯಂತ್ರ ಕಟ್ಟಿದ ರಾಗಕ್ಕೆ ಯಜಮಾನ ಯಾರು?

ಸಿನಿಮಾಕ್ಕೋ ಧಾರಾವಾಹಿಗೋ ಸಂಗೀತ ಕೂರಿಸಿ ಮುಗಿಸಿದ ಮೇಲೆ ಅದಕ್ಕೊಂದು ಲೆಕ್ಕದ ಹಾಳೆ ತಯಾರಾಗುತ್ತದೆ. ಉದ್ಯಮದವರು ಅದನ್ನು ಕ್ಯೂ ಶೀಟ್ ಎನ್ನುತ್ತಾರೆ. ನಾಯಕಿ ಬಸ್ಸಿನಿಂದ ಇಳಿಯುವಾಗ ಕೊಳಲು ಎಷ್ಟು ಸೆಕೆಂಡು ಕೇಳಿಸಿತು, ಮಾತಿನ ಹಿಂದೆ ಸಣ್ಣಗೆ ಬಂತೋ ಅಥವಾ ಅದೇ ಎದ್ದು ಕೇಳಿಸಿತೋ, ರಾಗ ಹಾಕಿದವರು ಯಾರು, ಹಾಡಾದರೆ ಬರೆದವರು ಯಾರು, ಹಕ್ಕು ಯಾವ ಆಡಿಯೋ ಕಂಪನಿಯದು? ಒಂದೊಂದು ತುಣುಕಿಗೂ ಒಂದೊಂದು ಸಾಲು. ಹಕ್ಕುಸ್ವಾಮ್ಯ ಸಂಘಗಳು ರಾಯಧನ ಹಂಚುವುದು ಈ ಹಾಳೆಯನ್ನು ನೋಡಿಯೇ. ಎಷ್ಟೋ ಸಂಯೋಜಕರು ಮುಪ್ಪಿನಲ್ಲಿ ಮರ್ಯಾದೆಯಿಂದ ಬದುಕಿದ್ದರೆ ಅದರಲ್ಲಿ ಈ ಹಾಳೆಯ ಪಾಲೂ ಇದೆ.

ಈಗ ಆ ಹಾಳೆಯಲ್ಲಿ ‘ಸಂಯೋಜಕರು’ ಎಂಬ ಕಾಲಂ ಖಾಲಿ ಉಳಿಯುವ ಕಾಲ ಬಂದಿದೆ. ನಾಲ್ಕು ಮಾತು ಟೈಪ್ ಮಾಡಿದರೆ ಎಐ ತಂತ್ರಾಂಶವೇ ಹಾಡು ಕಟ್ಟಿ, ವಾದ್ಯ ನುಡಿಸಿ, ದನಿಯನ್ನೂ ಕೂಡಿಸಿ ಕೊಡುತ್ತದೆ. ಜೊತೆಗೆ ‘ಲೈಸೆನ್ಸ್’ ಎಂಬ ಕಾಗದವೂ ಸಿಗುತ್ತದೆ. ಆ ಕಾಗದಕ್ಕೆ ಎಷ್ಟು ಬೆಲೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಿದ್ಧ ಸಂಗೀತದ ವ್ಯಾಪಾರ ಮೂಕಿ ಚಿತ್ರಗಳಷ್ಟೇ ಹಳೆಯದು. ಡಚ್ ಮೂಲದ ಸಂಗೀತಗಾರ ಮೇಯರ್ ಡಿ ವುಲ್ಫ್ 1909ರಲ್ಲಿ ಲಂಡನ್ನಿನಲ್ಲಿ ಒಂದು ಸಂಸ್ಥೆ ತೆರೆದರು. ಚಿತ್ರಮಂದಿರದಲ್ಲಿ ಕೂತು ನುಡಿಸುವವರಿಗೆ ಬೇಕಾದ ಸ್ವರಲಿಪಿ ಒದಗಿಸುವುದು ಅವರ ಕೆಲಸ. ಮಾತಿನ ಚಿತ್ರಗಳು ಬಂದ ಮೇಲೆ ಸ್ವರಲಿಪಿಯ ಜಾಗದಲ್ಲಿ ಧ್ವನಿಮುದ್ರಿಕೆ ಬಂತು. ದುಃಖಕ್ಕೊಂದು, ಓಟಕ್ಕೊಂದು, ಹಾಸ್ಯಕ್ಕೊಂದು ತುಣುಕನ್ನು ಮೊದಲೇ ಮಾಡಿಟ್ಟು, ಕೇಳಿದವರಿಗೆ ಶುಲ್ಕ ಪಡೆದು ಕೊಡುವುದು. ಅಲ್ಲಿ ಸಂಯೋಜಕರಿಗೆ ಹೆಸರು ಬರದಿದ್ದರೂ ಪಾಲು ಬರುತ್ತಿತ್ತು. ಮುಂದೆ ಯೂಟ್ಯೂಬ್ ಬಂತು, ಸಣ್ಣ ಸಣ್ಣ ವಿಡಿಯೋ ಮಾಡುವವರು ಲಕ್ಷಗಟ್ಟಲೆ ಆದರು. 2009ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶುರುವಾದ ಎಪಿಡೆಮಿಕ್ ಸೌಂಡ್ ಈ ಪದ್ಧತಿಯನ್ನೇ ಬದಲಿಸಿತು. ಸಂಯೋಜಕರಿಂದ ಎಲ್ಲ ಹಕ್ಕುಗಳನ್ನೂ ಒಟ್ಟಿಗೆ ಕೊಂಡು, ಗಿರಾಕಿಗೆ ಚಂದಾ ಲೆಕ್ಕದಲ್ಲಿ ಕೊಟ್ಟಿತು. ಒಂದೇ ಬೆಲೆ, ಯಾವ ಸಂಘದವರ ಕಾಟವೂ ಇಲ್ಲ.

ನನ್ನ ಪ್ರಕಾರ ಎಐ ಸಂಗೀತದ ಮಾರುಕಟ್ಟೆ ಹುಟ್ಟಿದ್ದು ಇಲ್ಲಿಯೇ. ರಾಗ ಯಾರದ್ದು ಎಂಬ ಪ್ರಶ್ನೆಯೇ ತಲೆನೋವು ಎಂದು ಕೊಳ್ಳುವವರು ಒಮ್ಮೆ ತೀರ್ಮಾನಿಸಿದ ಮೇಲೆ, ಮನುಷ್ಯನೇ ಇಲ್ಲದ ಸಂಗೀತಕ್ಕೆ ಇನ್ನೊಂದೇ ಹೆಜ್ಜೆ ಬಾಕಿ ಇತ್ತು.

ಆ ಹೆಜ್ಜೆ ಇಟ್ಟವರಲ್ಲಿ ಎಡ್ ನ್ಯೂಟನ್-ರೆಕ್ಸ್ ಮೊದಲಿಗರು. ಕೇಂಬ್ರಿಜ್‌ನಲ್ಲಿ ಸಂಗೀತ ಓದಿದವರು, ವೃಂದಗಾನಕ್ಕೆ ಸ್ವತಃ ಸಂಯೋಜನೆ ಮಾಡುವವರು. 2012ರಲ್ಲಿ ಲಂಡನ್ನಿನಲ್ಲಿ ಜೂಕ್‌ಡೆಕ್ ಕಟ್ಟಿದರು. ಭಾವ, ವೇಗ, ಅವಧಿ ಹೇಳಿದರೆ ಸಾಕು, ವಿಡಿಯೋಗೆ ಹೊಂದುವ ತುಣುಕು ಸಿದ್ಧ. ಸಣ್ಣ ಬಳಕೆಗೆ ಚಿಲ್ಲರೆ ಶುಲ್ಕ, ಪೂರ್ತಿ ಹಕ್ಕೇ ಬೇಕೆಂದರೆ 199 ಡಾಲರ್. ಕಂಪ್ಯೂಟರ್ ಕಟ್ಟಿದ ರಾಗಕ್ಕೆ ಅಂಗಡಿಯ ದರಪಟ್ಟಿ ಸಿಕ್ಕಿದ್ದು ಹೀಗೆ. 2019ರಲ್ಲಿ ಟಿಕ್‌ಟಾಕ್‌ನ ಒಡೆಯರಾದ ಬೈಟ್‌ಡ್ಯಾನ್ಸ್ ಅದನ್ನು ಕೊಂಡಿತು. ಅಷ್ಟರಲ್ಲಿ ಲಕ್ಸೆಂಬರ್ಗ್‌ನ ಐವಾ, ನ್ಯೂಯಾರ್ಕ್‌ನ ಆಂಪರ್ ಕೂಡ ಕಣದಲ್ಲಿದ್ದವು. ಐವಾ ಕಲಿತದ್ದು ಬಾಖ್, ಬೀಥೋವನ್, ಮೊಜಾರ್ಟ್‌ರಂಥವರ ಕೃತಿಗಳಿಂದ. ಹಕ್ಕಿನ ಅವಧಿ ಎಂದೋ ಮುಗಿದಿದ್ದರಿಂದ ತಂಟೆ ತಕರಾರು ಇರಲಿಲ್ಲ. ಫ್ರಾನ್ಸಿನ ಹಕ್ಕುಸ್ವಾಮ್ಯ ಸಂಘವಾದ ಸಾಸೆಮ್‌ನಲ್ಲಿ ಅದು ಸಂಯೋಜಕನೆಂದೇ ನೋಂದಣಿಯಾಯಿತು.

2023ರ ಕೊನೆಗೆ ಸುನೋ, 2024ರ ಏಪ್ರಿಲ್‌ನಲ್ಲಿ ಉಡಿಯೋ ಬಂದಾಗ ಚಿತ್ರವೇ ಬದಲಾಯಿತು. ಇವು ಹಿನ್ನೆಲೆಗೆ ತುಂತುರು ನಾದ ಮಾಡುವ ಯಂತ್ರಗಳಲ್ಲ, ಪಲ್ಲವಿ, ಚರಣ, ಗಾಯಕನ ಉಸಿರು ಎಲ್ಲ ಇರುವ ಹಾಡನ್ನೇ ಕೊಡುತ್ತವೆ. ಇಷ್ಟೆಲ್ಲ ಕಲಿತದ್ದು ಯಾರ ಹಾಡು ಕೇಳಿ? 2024ರ ಜೂನ್‌ನಲ್ಲಿ ಯೂನಿವರ್ಸಲ್, ಸೋನಿ, ವಾರ್ನರ್ ಸಮೂಹಗಳು ಇಬ್ಬರ ಮೇಲೂ ಅಮೆರಿಕದಲ್ಲಿ ಮೊಕದ್ದಮೆ ಹೂಡಿದವು. ಒಂದೊಂದು ಕೃತಿಗೆ 1,50,000 ಡಾಲರ್‌ವರೆಗೆ ಪರಿಹಾರ ಕೇಳಿದವು. ಸುನೋ ನ್ಯಾಯಾಲಯಕ್ಕೆ ಕೊಟ್ಟ ಉತ್ತರದಲ್ಲಿ, ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುವ, ಗುಣಮಟ್ಟ ಪರವಾಗಿಲ್ಲ ಎನ್ನಬಹುದಾದ ಹೆಚ್ಚುಕಡಿಮೆ ಎಲ್ಲ ಸಂಗೀತವನ್ನೂ ಬಳಸಿದ್ದೇವೆ, ಇದು ಕಾನೂನು ಒಪ್ಪುವ ಬಳಕೆ ಎಂದಿತು. ಕೇಳದೆ ತೆಗೆದುಕೊಂಡದ್ದನ್ನು ಒಪ್ಪಿಕೊಂಡ ಮೇಲೂ ಅದನ್ನು ಹಕ್ಕೆಂದು ವಾದಿಸುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಇದೇ ವಾದ ನ್ಯೂಟನ್-ರೆಕ್ಸ್ ಅವರಿಗೂ ಒಪ್ಪಿಗೆಯಾಗಲಿಲ್ಲ. ಈ ಮೊಕದ್ದಮೆಗೂ ಮೊದಲು ಅವರು ಸ್ಟೆಬಿಲಿಟಿ ಎಐ ಕಂಪನಿಯಲ್ಲಿ ಆಡಿಯೋ ವಿಭಾಗದ ಮುಖ್ಯಸ್ಥರಾಗಿದ್ದರು. ಅವರ ತಂಡ ರೂಪಿಸಿದ ಸ್ಟೇಬಲ್ ಆಡಿಯೋಗೆ ಲೈಸೆನ್ಸ್ ಪಡೆದ ಸಂಗೀತವನ್ನೇ ಕಲಿಸಲಾಗಿತ್ತು. ಆದರೂ ಅನುಮತಿಯಿಲ್ಲದೆ ಕಲಿಸಬಹುದೆಂದು ಕಂಪನಿ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಗೆ ಬರೆದಾಗ, 2023ರ ನವೆಂಬರ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಮರುವರ್ಷ ‘ಫೇರ್ಲಿ ಟ್ರೇನ್ಡ್’ ಸಂಸ್ಥೆ ಆರಂಭಿಸಿದರು. ಅನುಮತಿ ಪಡೆದೇ ಕಲಿಸಿದ ತಂತ್ರಾಂಶಗಳಿಗೆ ಅದು ಪ್ರಮಾಣಪತ್ರ ಕೊಡುತ್ತದೆ.

ಇತ್ತ ಮೊಕದ್ದಮೆಯಲ್ಲಿ, 2025ರ ಅಕ್ಟೋಬರ್‌ನಲ್ಲಿ ಯೂನಿವರ್ಸಲ್ ಉಡಿಯೋ ಜೊತೆ ರಾಜಿ ಮಾಡಿಕೊಂಡಿತು. ನವೆಂಬರ್‌ನಲ್ಲಿ ವಾರ್ನರ್ ಇಬ್ಬರೊಂದಿಗೂ ಒಪ್ಪಂದಕ್ಕೆ ಬಂತು. ಯೂನಿವರ್ಸಲ್ ಜೊತೆಗಿನ ರಾಜಿಯ ಬೆನ್ನಲ್ಲೇ ಉಡಿಯೋ ಹಾಡುಗಳನ್ನು ಡೌನ್‌ಲೋಡ್ ಮಾಡುವ ಸೌಲಭ್ಯ ನಿಲ್ಲಿಸಿತು. ಜನ ಗಲಾಟೆ ಮಾಡಿದ ಮೇಲೆ ಹಳೆಯ ಹಾಡುಗಳನ್ನು ಇಳಿಸಿಕೊಳ್ಳಲು 48 ಗಂಟೆ ಕೊಟ್ಟಿತು. ಜಾಹೀರಾತಿಗೆಂದೋ ಕಿರುಚಿತ್ರಕ್ಕೆಂದೋ ದುಡ್ಡು ಕೊಟ್ಟು ಹಾಡು ಮಾಡಿಟ್ಟುಕೊಂಡವರ ಸ್ಥಿತಿ ಊಹಿಸಿ. ಲೈಸೆನ್ಸ್ ಕೊಟ್ಟವರೇ ಬಾಗಿಲು ಹಾಕಬಹುದು ಎಂದು ಅಂದು ಗೊತ್ತಾಯಿತು.

ಇನ್ನೊಂದು ತೊಡಕು ಹಕ್ಕಿನದೇ. ಬರೀ ಸೂಚನೆ ಟೈಪ್ ಮಾಡಿ ಪಡೆದದ್ದಕ್ಕೆ ಹಕ್ಕುಸ್ವಾಮ್ಯ ಸಿಗದು ಎಂದು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2025ರ ಜನವರಿಯಲ್ಲಿ ಹೇಳಿತು. ಅಂದರೆ ಸೋಪಿನ ಕಂಪನಿಯೊಂದು ಹಾಗೆ ಪಡೆದ ಟ್ಯೂನನ್ನು ಜಾಹೀರಾತಿಗೆ ಹಾಕಿ, ಅದು ಜನರ ಬಾಯಲ್ಲಿ ನಿಂತರೂ, ಎದುರಾಳಿ ಎತ್ತಿಕೊಂಡರೆ ಅಲ್ಲಿ ಹಕ್ಕುಸ್ವಾಮ್ಯದ ಹೆಸರಿನಲ್ಲಿ ತಡೆಯುವುದು ಕಷ್ಟ. ನಮ್ಮ ಕಾಯ್ದೆ ಬೇರೆ ದಾರಿ ಹಿಡಿದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ, ಅದು ಸೃಷ್ಟಿಯಾಗಲು ಕಾರಣನಾದ ವ್ಯಕ್ತಿಯೇ ಕರ್ತೃ. ಕಾರಣನಾದವನು ಸೂಚನೆ ಬರೆದವನೋ, ತಂತ್ರಾಂಶ ಕಟ್ಟಿದವನೋ ಎಂದು ಆ ಸಾಲು ಬಿಡಿಸಿ ಹೇಳುವುದಿಲ್ಲ.

2012ರ ತಿದ್ದುಪಡಿ ಇದಕ್ಕಿಂತ ದೊಡ್ಡದು. ಸಿನಿಮಾ ಹಾಡಿನ ಹಕ್ಕು ಮಾರಿದ ಮೇಲೂ, ಚಿತ್ರಮಂದಿರದ ಆಚೆಗಿನ ಬಳಕೆಯ ರಾಯಧನದಲ್ಲಿ ಗೀತರಚನಕಾರರಿಗೂ ಸಂಯೋಜಕರಿಗೂ ಸಮಪಾಲು ಉಂಟು, ಅದನ್ನು ಅವರು ಬಿಟ್ಟುಕೊಡುವಂತೆಯೂ ಇಲ್ಲ. ಎಷ್ಟೋ ವರ್ಷ ಹೋರಾಡಿ ಗಳಿಸಿದ ಹಕ್ಕಿದು. ಯಂತ್ರದ ಹಾಡಿನಲ್ಲಿ ಆ ಪಾಲು ಕೇಳುವವರೇ ಇಲ್ಲ. ನಿರ್ಮಾಪಕರಿಗೆ ನಿಜವಾಗಿ ಉಳಿಯುವುದು ಈ ಹಣ.

ಕನ್ನಡಕ್ಕೂ ಇದು ದೂರದ ಮಾತಲ್ಲ. ದೃಶ್ಯ, ಸಂಗೀತ ಎರಡನ್ನೂ ಎಐಯಿಂದ ಮಾಡಿಸಿ, ಸುಮಾರು 10 ಲಕ್ಷ ರೂಪಾಯಿಯಲ್ಲಿ ಮುಗಿಸಿದ್ದೆಂದು ವರದಿಯಾದ ‘ಲವ್ ಯು’ ಚಿತ್ರ 2025ರಲ್ಲಿ ಸೆನ್ಸಾರ್ ಪ್ರಮಾಣಪತ್ರ ಪಡೆಯಿತು. ಕನ್ನಡಿಗರು ಮನೆಮಗನೆಂದುಕೊಂಡ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರದಲ್ಲಿ ಎಐ ಮೂಲಕ ಬಳಸಿದ್ದಾರೆ, ತಮ್ಮನ್ನು ಕೇಳಿಲ್ಲ ಎಂದು ಅವರ ಕುಟುಂಬ ಲೀಗಲ್ ನೋಟಿಸ್ ಕಳಿಸಿದ ಸುದ್ದಿ 2024ರಲ್ಲಿ ಬಂತು. ಅದೇ ವರ್ಷ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಚಿತ್ರಕ್ಕೆ ಅಗಲಿದ ಇಬ್ಬರು ಗಾಯಕರ ದನಿಯನ್ನು ಎಐಯಲ್ಲಿ ಬಳಸಿದರು. ಮೊದಲು ಮನೆಯವರ ಒಪ್ಪಿಗೆ ಪಡೆದು, ಸಂಭಾವನೆಯನ್ನೂ ಕೊಟ್ಟರು. ಕೇಳಿ ಪಡೆಯುವುದು ಅಸಾಧ್ಯವೇನಲ್ಲ.

ಎಐಗೆ ಕಲಿಸಲು ಕೃತಿಗಳನ್ನು ಬಳಸುವವರಿಗೆ ಕಡ್ಡಾಯ ಲೈಸೆನ್ಸ್ ಕೊಟ್ಟು, ಅವರಿಂದ ರಾಯಧನ ವಸೂಲಿ ಮಾಡಿ ಹಂಚುವ ಪ್ರಸ್ತಾವವನ್ನು ಕೇಂದ್ರ ಸರ್ಕಾರದ ಸಮಿತಿ 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿತು. ಬೇಡ ಎನ್ನುವ ಹಕ್ಕು ಕಲಾವಿದರಿಗೆ ಅದರಲ್ಲಿ ಇಲ್ಲದಿರುವುದು ದೊಡ್ಡ ಕೊರತೆ.

ಕಡಿಮೆ ಬಜೆಟ್ಟಿನ ನಿರ್ಮಾಪಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅವರಲ್ಲಿ ಒಂದು ಬಿನ್ನಹ. ಎಐ ಸಂಗೀತ ಕೊಳ್ಳುವ ಮುನ್ನ, ಈ ತಂತ್ರಾಂಶ ಯಾರ ಹಾಡುಗಳಿಂದ ಕಲಿತಿದೆ, ಅವರ ಒಪ್ಪಿಗೆ ಇದೆಯೇ, ನಾಳೆ ಮೊಕದ್ದಮೆ ಬಂದರೆ ದಂಡ ಕಟ್ಟುವವರು ಯಾರು ಎಂದು ಕೇಳಿ. ಉತ್ತರವನ್ನು ಬಾಯಿಮಾತಿಗೆ ಬಿಡದೆ ಕರಾರಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರ ಹಾಡು ಬೇಡ. ಆ ದುಡ್ಡಿಗೆ ಒಬ್ಬ ಯುವ ಸಂಯೋಜಕನನ್ನು ಕರೆದು ಕೂರಿಸಿ, ಕ್ಯೂ ಶೀಟ್‌ನಲ್ಲಿ ಅವನ ಹೆಸರು ಬರೆಯಿರಿ.